ಕೈ ನಡುಗಬಾರದ ಕೆಲಸ

ನನ್ನ ತಮ್ಮ ಕ್ಷೌರದ ಕೆಲಸದವನು. ಬಾಯಿ ಮುಚ್ಚಿಕೊಂಡು ಅವನು ಒಂದು ತಲೆಯ ಕೂದಲು ಕತ್ತರಿಸಿದ್ದನ್ನೂ ಕಂಡವರಿಲ್ಲ. ಕೂತವರ ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದರೆ ಸಾಕು, ಇವನ ಮಾತು ಶುರು. ಬೀದಿಯವರೆಲ್ಲ ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಸಿಟ್ಟು ಬಂದಾಗ ಅಕ್ಕನಾದ ನಾನೂ ಹಾಗೇ ಕರೆಯುತ್ತಿದ್ದೆ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ನನ್ನ ಮಿಷನ್ನಿನ ಸದ್ದು ಅವನಿಗೆ, ಅವನ ಹರಟೆ ನನಗೆ ಬಿಟ್ಟಿ. ಒಂದೇ ಕುರ್ಚಿ, ಮೂಲೆಯಲ್ಲಿ ರಸ ಹೋಗಿ ಕಪ್ಪಾದ ಕನ್ನಡಿ, ಸೋಪಿನ ವಾಸನೆ. ಕೂದಲು ಯಾರು ಬೇಕಾದರೂ ಕತ್ತರಿಸುತ್ತಾರೆ ಎನ್ನುತ್ತಿದ್ದ. ಅವನ ಹೆಮ್ಮೆಯೆಲ್ಲ ಗಡ್ಡದ್ದು. ದವಡೆಯ ಕೆಳಗೆ, ಗಂಟಲ ಗುಬುಟಿನ ಪಕ್ಕದಲ್ಲಿ, ಬೇರೆಯವರು ಅಳುಕುವ ಜಾಗದಲ್ಲಿ ಅವನ ಉದ್ದ ಕತ್ತಿ ಸರಾಗವಾಗಿ ಇಳಿಯುತ್ತಿತ್ತು. ಗಿರಾಕಿಗಳು ಅಲ್ಲೇ ನಿದ್ದೆ ಹೋಗುತ್ತಿದ್ದರು.

ಅವನಿಗೆ ಕೆಲಸ ಕಲಿಸಿದ ಮುದುಕ ಮಹಾ ಕಟ್ಟುನಿಟ್ಟಿನವನು. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಅದು ಒಡೆಯದಂತೆ ಬೋಳಿಸಬೇಕಿತ್ತು. ಒಡೆದರೆ ಆ ದಿನ ಮನುಷ್ಯರ ಮುಖ ಮುಟ್ಟುವಂತಿಲ್ಲ. ಕೈ ನಡುಗಿದವನು ಕತ್ತಿ ಕೆಳಗಿಡಬೇಕು ಎನ್ನುವುದು ಮುದುಕನ ಕಾನೂನು, ನನ್ನ ತಮ್ಮನಿಗೆ ಅದು ರಕ್ತಗತವಾಗಿಬಿಟ್ಟಿತು.

ಆಮೇಲೆ ಅವನ ಹೃದಯ ಕೈಕೊಟ್ಟಿತು. ಯಾವುದೋ ಜ್ವರ ಬಂದು ಹೋಯಿತು, ಹೋಗುವಾಗ ಹೃದಯವನ್ನು ಹಳೆ ಚೀಲದಂತೆ ಜೋತುಬೀಳಿಸಿ ಹೋಯಿತು. ಕುರ್ಚಿಯ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಏದುಸಿರು. ಬೇರೆ ಹೃದಯ ಹಾಕದೆ ವಿಧಿಯಿಲ್ಲ ಎಂದರು. ತಿಂಗಳುಗಟ್ಟಲೆ ಕಾದೆವು. ಕೊನೆಗೆ ಯಾರದೋ ಮನೆಯ ಮಗ ರಸ್ತೆಯಲ್ಲಿ ಬಿದ್ದ, ಅವನ ಹೆತ್ತವಳು ಹೃದಯ ಕೊಡಲು ಒಪ್ಪಿದಳು, ನನ್ನ ತಮ್ಮ ಬದುಕಿದ. ಆ ತಾಯಿಯ ಮುಖ ನಾವು ನೋಡಿಲ್ಲ.

ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ಅವನನ್ನು, ಅವನ ಹೆಂಡತಿಯನ್ನು, ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು.

"ನಿಮ್ಮ ಮೈಗೆ ಈ ಹೃದಯ ಹೊರಗಿನದು. ಮನೆ ಕಾಯೋ ನಾಯಿಗೆ ಬಂದವರು ನೆಂಟರೋ ಕಳ್ಳರೋ ಗೊತ್ತಾಗಲ್ಲ, ಕಚ್ಚೋಕೆ ಹೋಗುತ್ತೆ. ಈ ಮಾತ್ರೆಗಳು ಆ ನಾಯಿಗೆ ಕಟ್ಟಿದ ಹಗ್ಗ. ಬೆಳಗ್ಗೆ ಒಂದ್ಸಲ, ರಾತ್ರಿ ಒಂದ್ಸಲ, ತಪ್ಪಿಸೋ ಹಾಗಿಲ್ಲ."

"ಎಷ್ಟು ವರ್ಷಕ್ಕೆ ಒಗ್ಗಿಕೊಳ್ಳುತ್ತೆ ಡಾಕ್ಟ್ರೇ, ನಾಯಿ?" ಎಂದು ತಮ್ಮ ಕೇಳಿದ.

"ಒಗ್ಗಿಕೊಳ್ಳೋದೇ ಇಲ್ಲ. ಬದುಕಿರೋ ತನಕ ಹಗ್ಗ ಬೇಕು."

ಮೊದಮೊದಲು ಅವನಷ್ಟು ಶಿಸ್ತಿನ ರೋಗಿ ಇನ್ನೊಬ್ಬನಿರಲಿಲ್ಲ. ಮಾತ್ರೆಯ ಹೊತ್ತಿಗೆ ಫೋನು ಕೂಗುತ್ತಿತ್ತು, ಗಿರಾಕಿಯ ಮುಖದಲ್ಲಿ ಅರ್ಧ ನೊರೆ ಇದ್ದರೂ ಬಿಟ್ಟು ಹೋಗಿ ನುಂಗಿ ಬರುತ್ತಿದ್ದ. ಮುಖಕ್ಕೆ ಮಾಸ್ಕು, ಘಳಿಗೆಗೊಮ್ಮೆ ಕೈ ತೊಳೆಯುವುದು. ಯಾರಾದರೂ ಕೆಮ್ಮಿದರೆ ಹೊರಗೆ ಅಟ್ಟುತ್ತಿದ್ದ. "ಎದೇಲಿ ಬಾಡಿಗೆದಾರ ಇದ್ದಾನೆ, ಒಳ್ಳೆಯವನು, ನನಗಿಂತ ಚಿಕ್ಕವನು. ಅವನಿಗೇನಾದ್ರೂ ಆದ್ರೆ ಅವರಮ್ಮನಿಗೆ ಏನು ಹೇಳಲಿ?" ಎಂದು ತಮಾಷೆ ಮಾಡುತ್ತಿದ್ದ. ತಮಾಷೆಯಾದರೂ ಅದು ಅವನ ಮನಸ್ಸಿನ ಮಾತೇ ಆಗಿತ್ತು.

ಎರಡು ವರ್ಷ ಕಳೆದ ಮೇಲೆ ಹಲಗೆಯ ಆಚೆ ರೇಡಿಯೋ ನಿಂತುಹೋಯಿತು. ಯಾಕೋ ಎಂದು ಕೇಳಿದೆ. ಗಂಟಲು ಕಟ್ಟಿದೆ ಎಂದ. ಎದುರು ಬದಿಯ ಬ್ಯಾಂಕಿನ ಕಾವಲುಗಾರನ ಕಿವಿಯ ಕೆಳಗೆ ಕತ್ತಿ ತಗುಲಿ ಸ್ವಲ್ಪ ರಕ್ತ ಬಂದಿತ್ತಂತೆ. ಆತ ನಕ್ಕು ಪರವಾಗಿಲ್ಲ ಎಂದನಂತೆ, ಆದರೆ ಮುಂದಿನ ವಾರ ಬೇರೆ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದ. ತಮ್ಮ ಅದನ್ನು ಕಿಟಕಿಯಿಂದ ನೋಡಿದ್ದ. ಇದನ್ನೆಲ್ಲ ಅವನು ನಮಗೆ ಹೇಳಿದ್ದು ಆಸ್ಪತ್ರೆಯ ಮಂಚದ ಮೇಲೆ.

ಅಂಗಡಿ ತೆರೆಯುವ ಮುಂಚೆ ಶಟರಿನ ಒಳಗೆ ಒಬ್ಬನೇ ಕೂತು ಮತ್ತೆ ಬಲೂನು ಬೋಳಿಸುತ್ತಿದ್ದನಂತೆ. ಮಾತ್ರೆ ತೆಗೆದುಕೊಂಡು ಬಂದ ದಿನ ಬಲೂನು ಪಟ್ಟೆಂದು ಒಡೆಯುತ್ತಿತ್ತು. ಒಂದು ದಿನ ಮಾತ್ರೆ ಮರೆತು ಬಂದ, ಬಲೂನು ಉಳಿಯಿತು. ಅಲ್ಲಿಗೆ ಅವನಿಗೆ ದಾರಿ ಸಿಕ್ಕಿದಂತಾಯಿತು, ನಮ್ಮ ಕರ್ಮ. ಬೆಳಗಿನ ಮಾತ್ರೆಯನ್ನು ಅಂಗಡಿ ಮುಚ್ಚುವ ತನಕ ಮುಂದಕ್ಕೆ ಹಾಕಿದ, ಆಮೇಲೆ ಬಿಟ್ಟೇಬಿಟ್ಟ. ರಕ್ತ ಪರೀಕ್ಷೆಗೆ ವಾರವಿದೆ ಎನ್ನುವಾಗ ಮಾತ್ರ ಎರಡು ಹೊತ್ತೂ ತಪ್ಪದೆ ನುಂಗುತ್ತಿದ್ದ. ರಕ್ತದಲ್ಲಿ ಮಾತ್ರೆಯ ಪ್ರಮಾಣ ಸರಿಯಾಗಿದೆ ಎಂದು ಡಾಕ್ಟರಮ್ಮ ಅವನ ಬೆನ್ನು ತಟ್ಟುತ್ತಿದ್ದರು. ಹಲಗೆಯಾಚೆ ಮತ್ತೆ ಹರಟೆ ಶುರುವಾಯಿತು, ನಾನು ನೆಮ್ಮದಿಯಾಗಿ ಗುಂಡಿಯ ಕಾಜ ಹೊಲಿಯುತ್ತಿದ್ದೆ.

ಒಂದು ಬೆಳಗ್ಗೆ ಅವನ ಕಾಲು ಚಪ್ಪಲಿಯೊಳಗೆ ಹೋಗಲಿಲ್ಲ, ಅಷ್ಟು ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವನ ಹೆಂಡತಿ ನನ್ನನ್ನು ಕರೆದಳು, ಇಬ್ಬರೂ ಅವನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಆಸ್ಪತ್ರೆಗೆ ಹೋದೆವು. ಕುತ್ತಿಗೆಯ ನರದೊಳಗೆ ಸಣ್ಣ ತಂತಿ ಇಳಿಸಿ, ಹೃದಯದ ಚೂರು ತೆಗೆದು ನೋಡಿದರು. ಮೈ ಆ ಹೃದಯವನ್ನು ಹೊರಗೆ ದಬ್ಬುತ್ತಿತ್ತು. ಅದೂ ಇವತ್ತು ನಿನ್ನೆಯಿಂದಲ್ಲ.

"ಮಾತ್ರೆ ಬಿಟ್ಟಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು.

ಅವನು ಎರಡೂ ಕೈಗಳನ್ನು ಹೊದಿಕೆಯ ಕೆಳಗೆ ಎಳೆದುಕೊಂಡ. "ಬೆಳಗಿನದು ಬಿಡ್ತಿದ್ದೆ."

"ಯಾಕೆ?"

"ಕೈ ನಡುಗ್ತಿತ್ತು."

ಡಾಕ್ಟರಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಆ ಮಾತ್ರೆಗೆ ಎಷ್ಟೋ ಜನಕ್ಕೆ ಕೈ ನಡುಗುತ್ತೆ. ನನಗೊಂದು ಮಾತು ಹೇಳಿದ್ರೆ ಪ್ರಮಾಣ ಹೊಂದಿಸಿ ನೋಡ್ತಿದ್ದೆ, ಇಲ್ಲ ಬೇರೆ ಮಾತ್ರೆ ಕೊಡ್ತಿದ್ದೆ."

"ಕ್ಷೌರದವನು ಹೇಗೆ ಹೇಳೋದು ಡಾಕ್ಟ್ರೇ?"

ಆಕೆಗೆ ಅದು ಅರ್ಥವಾಗಲಿಲ್ಲ, ನನಗಾಯಿತು. ಮೂಲವ್ಯಾಧಿ ಇದೆ ಎಂದು ಅವನು ನಾಲ್ಕು ಜನರೆದುರು ನಗುತ್ತ ಹೇಳಿಯಾನು, ಕೈ ನಡುಗುತ್ತದೆ ಎಂದು ಹೆಂಡತಿಗೂ ಹೇಳಲಾರ. ಅರ್ಥವಾಗಿದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. "ಊರ ಸುದ್ದಿಯೆಲ್ಲ ಹೇಳ್ತಿದ್ಯಲ್ಲೋ, ಈ ಒಂದು ಮಾತಿಗೆ ನಿನ್ನ ಬಾಯಿಗೆ ಏನು ಬಡಿದಿತ್ತು?" ಎಂದು ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಅವನ ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಅತ್ತೆವು.

ಬಾಟಲಿಗಟ್ಟಲೆ ಔಷಧಿ ಅವನ ಮೈಗೆ ಇಳಿಸಿದರು. ಹೃದಯ ಚೇತರಿಸಿಕೊಳ್ಳಲಿಲ್ಲ, ಮೂತ್ರಪಿಂಡಗಳೂ ಸೋತವು. ಇನ್ನೊಂದು ಹೃದಯ ಹಾಕುವ ಸ್ಥಿತಿಯಲ್ಲಿ ಅವನ ಮೈ ಇಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ನೆನಪಾದದ್ದು ಮುಖ ನೋಡದ ಆ ತಾಯಿ. ಅವಳ ಮಗ ಎರಡನೇ ಸಲ ಸಾಯುತ್ತಿದ್ದ. ಇದು ಅವಳಿಗೆ ತಿಳಿಯದಿರಲಿ ಎಂದುಕೊಂಡೆ.

ಅಷ್ಟರಲ್ಲಿ ತಮ್ಮನ ಮುಖದ ತುಂಬ ಗಡ್ಡ ಬೆಳೆದಿತ್ತು. ಹಾಗೆ ಅವನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. "ಬೋಳಿಸು ಅಕ್ಕ," ಎಂದ. ನರ್ಸು ತಾನು ಮಾಡುತ್ತೇನೆ ಎಂದಳು, ಅವನು ಬೇಡವೆಂದ. ಪ್ಲಾಸ್ಟಿಕ್ ರೇಜರು, ಬಿಸಿನೀರು ತಂದುಕೊಟ್ಟು, ಹುಷಾರು ಎಂದು ಹೇಳಿ ಹೋದಳು.

ಸೂಜಿಗೆ ದಾರ ಪೋಣಿಸುವಾಗ ಎಂದೂ ಅಲುಗದ ನನ್ನ ಕೈ ಅವನ ಕೆನ್ನೆಯ ಹತ್ತಿರ ಹೋಗುತ್ತಲೇ ನಡುಗತೊಡಗಿತು. ಹಿಂದೆ ತೆಗೆದೆ.

"ನನ್ನಿಂದಾಗಲ್ಲ ಕಣೋ. ಕೈ ನಡುಗ್ತಿದೆ."

"ನಡುಗ್ಲಿ ಬಿಡು ಅಕ್ಕ. ಏನೂ ಆಗಲ್ಲ. ಮಾಡು."

ಮಾಡಿದೆ. ಒಂದು ಕೆನ್ನೆ ಮುಗಿದು ದವಡೆಗೆ ಇಳಿಯುವಾಗ ರೇಜರು ಜಾರಿ ಚರ್ಮ ಕತ್ತರಿಸಿತು. ಅವನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣ ಮುಂದೆ ಹಿಡಿದು ನೋಡಿದ. ಸಾಸಿವೆಯಷ್ಟು ರಕ್ತ.

"ಇಷ್ಟೇನಾ?" ಎಂದ.

ನಾನು ಹತ್ತಿ ಒತ್ತಿ ಹಿಡಿದೆ. ಅವನು ಇನ್ನೂ ಬೆರಳನ್ನೇ ನೋಡುತ್ತಿದ್ದ.

"ನಾನು ಇಷ್ಟಕ್ಕೆ ಹೆದರಿಬಿಟ್ನಲ್ಲ ಅಕ್ಕ."

ಉಳಿದ ಕೆನ್ನೆಯನ್ನೂ ಮುಗಿಸಿ ಮುಖ ಒರೆಸಿದೆ. ಚೆನ್ನಾಗಿ ಮಾಡಿದ್ದೀಯ ಎಂದ. ಮಾರನೆಯ ದಿನ ಮಧ್ಯಾಹ್ನ ಆ ಹೃದಯ ನಿಂತಿತು. ದವಡೆಯ ಮೇಲಿನ ಗೀರು ಅಷ್ಟರಲ್ಲಾಗಲೇ ಒಣಗಿತ್ತು.