ಅತ್ತೆಗೆ ಇಂಡಿ, ಸೊಸೆಗೆ ಬಾಗೇವಾಡಿ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ವಿಜಯಪುರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹೆಂಗಸರ ಪೆಲ್ವಿಕ್ ಫ್ಲೋರ್ ತೊಂದರೆಗಳಿಗೆಂದೇ ಆಸ್ಪತ್ರೆಯವರು ನನ್ನನ್ನು ವಾರಕ್ಕೆ ನಾಲ್ಕು ದಿನ ತಾಲ್ಲೂಕುಗಳಿಗೆ ಕಳಿಸುತ್ತಿದ್ದರು. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಬುಧವಾರ ಮುದ್ದೇಬಿಹಾಳ, ಗುರುವಾರ ಬಸವನ ಬಾಗೇವಾಡಿ. ಪ್ರತಿ ಊರಿನಲ್ಲೂ ಒಂದು ಬಾಡಿಗೆ ಕೋಣೆ, ಒಂದು ಮಂಚ, ಒಂದು ಪರದೆ, ಹೊರಗೆ ಕಾಯುವವರಿಗೆ ಉದ್ದನೆಯ ಬಾಕು. ಬೋರ್ಡಿನ ಮೇಲೆ ‘ಸೊಂಟ ಮತ್ತು ಬೆನ್ನುನೋವಿನ ಚಿಕಿತ್ಸೆ’ ಎಂದು ಬರೆಸಿದ್ದೆವು. ಇದ್ದದ್ದನ್ನು ಇದ್ದಂತೆ ಬರೆಸಿದ್ದರೆ ಒಬ್ಬಳೂ ಮೆಟ್ಟಿಲು ಹತ್ತುತ್ತಿರಲಿಲ್ಲ.

ಪೆಲ್ವಿಕ್ ಫ್ಲೋರ್ ಅಂದರೆ ಸೊಂಟದ ಕೆಳಗೆ, ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನವರೆಗೆ ಜೋಲಿಯಂತೆ ಹಬ್ಬಿರುವ ಸ್ನಾಯುಗಳು. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರರ ಭಾರವನ್ನೂ ಅವು ಹೊರುತ್ತವೆ. ಹೆರಿಗೆಯಲ್ಲಿ ಅವು ಸಡಿಲಾದರೆ ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಸೋರುತ್ತದೆ. ಇದು ರೋಗಕ್ಕಿಂತ ಹೆಚ್ಚಾಗಿ ಬಲ ಕಳೆದುಕೊಂಡ ಸ್ನಾಯುವಿನ ಕಥೆ. ಎಷ್ಟೋ ಮಂದಿಗೆ ನಾಲ್ಕಾರು ತಿಂಗಳ ವ್ಯಾಯಾಮದಲ್ಲೇ ಹಿಡಿತಕ್ಕೆ ಬರುತ್ತದೆ. ಆದರೆ ಬಾಯಿಬಿಟ್ಟು ಹೇಳಬೇಕಲ್ಲ! ನಮ್ಮ ಹೆಂಗಸರು ಸ್ವಂತ ಊರಿನ ಕೋಣೆಗೆ ಬರುತ್ತಲೇ ಇರಲಿಲ್ಲ. ಸಿಂದಗಿಯವಳು ಮುದ್ದೇಬಿಹಾಳಕ್ಕೆ, ಮುದ್ದೇಬಿಹಾಳದವಳು ಇಂಡಿಗೆ ಬಸ್ಸು ಹತ್ತುತ್ತಿದ್ದಳು. ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ ಅವರ ಲೆಕ್ಕ.

ಆ ವರ್ಷದ ಮಳೆಗಾಲದ ಆರಂಭದಲ್ಲಿ ಬಾಗೇವಾಡಿಯ ಕೋಣೆಗೆ ಸುಮಿತ್ರಾ ಬಂದಳು. (ಹೆಸರುಗಳನ್ನು ಬದಲಿಸಿದ್ದೇನೆ.) ವಯಸ್ಸು ಮೂವತ್ತೆರಡು. ಕೊಟ್ಟ ಮನೆ ಯಂಕಂಚಿಯ ಹತ್ತಿರದ ಹಳ್ಳಿ, ಜಮೀನುಳ್ಳ ವೈಷ್ಣವರ ದೊಡ್ಡ ಮನೆತನ. ಗಂಡ ಸಿಂದಗಿಯಲ್ಲಿ ಹೈಸ್ಕೂಲು ಮಾಸ್ತರ. ತವರು ಹೂವಿನ ಹಿಪ್ಪರಗಿ. ತಾಯಿಗೆ ಮೈಯಲ್ಲಿ ಹುಷಾರಿಲ್ಲ ಎಂಬ ನೆಪದಲ್ಲಿ ತವರಿಗೆ ಬಂದು, ಅಲ್ಲಿಂದ ಬಾಗೇವಾಡಿಗೆ ಬಂದಿದ್ದಳು. ಮಗಳು ಹುಟ್ಟಿದಾಗ ಇಕ್ಕಳ ಹಾಕಿ ಹೆರಿಗೆ ಮಾಡಿಸಿದ್ದರು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ವಾರಕ್ಕೇ ಬಾವಿಯಿಂದ ಮಡಿನೀರು ಹೊರುವ ಕೆಲಸ ಹೆಗಲೇರಿತ್ತು. ಮಡಿನೀರನ್ನು ಮನೆಯ ಹೆಂಗಸೇ ಸೇದಿ ತರಬೇಕು, ಆಳಿನ ಕೈ ತಾಗಬಾರದು. ಹಿತ್ತಾಳೆಯ ಕೊಡ ಎತ್ತಿದಾಗಲೆಲ್ಲ ಸೀರೆ ತೊಯ್ಯತೊಡಗಿತು. ಅತ್ತೆಗೆ ಅದು ಗೊತ್ತಾದ ದಿನವೇ ಅಡುಗೆಮನೆಯ ಬಾಗಿಲು ಮುಚ್ಚಿತು.

“ಅಂದಿನಿಂದ ಐದು ವರ್ಷ ಆತ್ರೀ,” ಅಂದಳು. “ನೀರು ಸೇದಿ ಹೊಸ್ತಿಲದ ಹೊರಗ ಇಡೂದು ನಾನು. ನಾ ಸೇದಿದ ನೀರು ನಡೀತದ, ನಾ ಒಳಗ ಕಾಲಿಡೂ ಹಂಗಿಲ್ಲ. ನನ್ನ ತಾಟು, ನನ್ನ ಲೋಟ ಬ್ಯಾರೆ. ಬಂದವರ ಮುಂದ ‘ಆಕಿ ಕಾಯಂ ಹೊರಗರೀ’ ಅಂತಾರ ಅತ್ತಿಯವ್ರು.”

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ತೆಗೆಸಿಬಿಟ್ಟರೆ ಸೋರುವುದೂ ನಿಲ್ಲುತ್ತದೆ, ತಿಂಗಳ ಮೂರು ದಿನದ ಮೈಲಿಗೆಯೂ ತಪ್ಪುತ್ತದೆ, ಒಂದೇ ಏಟಿಗೆ ಎರಡು ಪೀಡೆ ಹೋಗುತ್ತವೆ ಎನ್ನುವುದು ಅತ್ತೆಯ ವಿಚಾರ. ‘ಅವ್ವ ಹೇಳಿದಂಗ ಮಾಡು’ ಎಂದು ಗಂಡ ಕೈತೊಳೆದುಕೊಂಡಿದ್ದ. ಸಂಕ್ರಾಂತಿಯ ನಂತರ ಆಪರೇಷನ್. ಸ್ಕ್ಯಾನ್ ವರದಿ ನೋಡಿದೆ. ಗರ್ಭಕೋಶ ನೆಟ್ಟಗಿತ್ತು. ಅದನ್ನು ತೆಗೆದರೂ ಈ ಸೋರಿಕೆ ನಿಲ್ಲುವುದಿಲ್ಲ. ಹಾಗೆಂದು ಪತ್ರ ಬರೆದು ಅವಳ ಕೈಯಲ್ಲಿ ಕೊಟ್ಟೆ. ಮನೆಯಲ್ಲಿ ಅದನ್ನು ಯಾರೂ ಓದಲಿಲ್ಲವಂತೆ.

ಸ್ನಾಯುವಿನ ಬಲವನ್ನು ನಾವು ಕೈಗವಸು ಹಾಕಿ, ಒಳಗೆ ಬೆರಳಿಟ್ಟು ಅಳೆಯುತ್ತೇವೆ. ಐದಕ್ಕೆ ಅವಳದ್ದು ಒಂದು ಇತ್ತು. ವ್ಯಾಯಾಮ ಹೇಳಿಕೊಟ್ಟೆ. ಮೂತ್ರವನ್ನೂ ವಾಯುವನ್ನೂ ತಡೆದು ಹಿಡಿಯುವಂತೆ ಸ್ನಾಯುವನ್ನು ಮೇಲಕ್ಕೆ ಎಳೆಯಬೇಕು, ಉಸಿರು ಕಟ್ಟಬಾರದು, ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೇಳುವುದು ಸುಲಭ. ಮೂರನೆಯ ವಾರಕ್ಕೆ ಬಹಳ ಮಂದಿ ಕೈಬಿಡುತ್ತಾರೆ. ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತಿಗೆ ಅಷ್ಟು ದಿನ ಎಳೆಯುವ ಶಕ್ತಿ ಇರುವುದಿಲ್ಲ.

ಸುಮಿತ್ರಾ ಕೈಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬಂದಳು. ಎರಡು ತಿಂಗಳಿಗೆ ಬಲ ಎರಡಕ್ಕೆ ಏರಿತು, ನಾಲ್ಕನೆಯ ತಿಂಗಳಿಗೆ ಮೂರಕ್ಕೆ. “ಹ್ಯಾಂಗ ಮಾಡ್ತೀರಿ ಇಷ್ಟು ನೇಮದಿಂದ?” ಎಂದು ಕೇಳಿದೆ.

“ಹಿಡಿಯೂ ಮುಂದ ಅತ್ತಿಯವರ ಮಾರಿ ನೆನಸ್ತೀನ್ರೀ,” ಅಂದಳು. “ಹತ್ತು ಎಣಿಸೂತನಾ ಬಿಡೂದಿಲ್ಲ.”

ನನಗೆ ಅವಳ ಮೇಲೆ ಅಂದು ಹುಟ್ಟಿದ ಪ್ರೀತಿ ಇನ್ನೂ ಇದೆ. ಮಾರ್ಗಶಿರದಲ್ಲಿ ಅವರ ಮನೆಯಲ್ಲಿ ಮಾವನ ತಂದೆಯ ಶ್ರಾದ್ಧ. ಆ ದಿನ ಅಡುಗೆಮನೆಯ ಹೊಸ್ತಿಲು ದಾಟಿ ಒಲೆಯ ಮುಂದೆ ಕೂರಬೇಕು, ಬ್ರಾಹ್ಮಣರು ತನ್ನ ಕೈ ಅಡುಗೆ ಉಣ್ಣಬೇಕು, ಅತ್ತೆ ಅದನ್ನು ಕಣ್ಣಾರೆ ನೋಡಬೇಕು, ಆಮೇಲೆ ಆಪರೇಷನ್ನಿನ ಮಾತು ಯಾರು ಎತ್ತುತ್ತಾರೋ ನೋಡುತ್ತೇನೆ ಎಂಬುದು ಅವಳ ಹಟ.

ಹೀಗಿರುವಾಗ ಒಂದು ಸೋಮವಾರ ಇಂಡಿಯ ಕೋಣೆಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಒಂಬತ್ತು ಗಜದ ಸೀರೆ, ಮೂಗಿನಲ್ಲಿ ಮುತ್ತಿನ ನತ್ತು, ಕೂರುವ ಮೊದಲು ಕುರ್ಚಿಯನ್ನು ಎರಡು ಸಲ ಒರೆಸಿಕೊಂಡರು. ಇಂಡಿಯಲ್ಲಿ ಅಕ್ಕನ ಮನೆಯಿದೆಯೆಂದೂ, ಅಕ್ಕನೇ ಈ ಕೋಣೆಯ ಸುದ್ದಿ ಹೇಳಿದಳೆಂದೂ ತಿಳಿಸಿದರು. ಇಪ್ಪತ್ತು ವರ್ಷದಿಂದ ಮೂತ್ರ ಸೋರುತ್ತಿತ್ತು. ಸೀರೆಯ ಒಳಗೆ ಬಟ್ಟೆ ಮಡಚಿ ಇಟ್ಟುಕೊಂಡೇ ಮಡಿಯಲ್ಲಿ ನೈವೇದ್ಯದ ಅಡುಗೆ ಮಾಡುತ್ತ ಬಂದಿದ್ದರು. ಕಾರ್ಡಿನ ಮೇಲೆ ಊರು, ಅಡ್ಡಹೆಸರು ಬರೆದುಕೊಳ್ಳುವಾಗ ನನ್ನ ಪೆನ್ನು ನಿಂತಿತು. ಸುಮಿತ್ರಾಳ ಊರೂ ಮನೆತನವೂ ಅವೇ. ಮನೆಯಲ್ಲಿ ಭಾರ ಎತ್ತುವವರು ಯಾರು ಎಂದು ಕೇಳಿದೆ.

“ಸೊಸಿ ಇದ್ದಾಳಲ್ಲ,” ಅಂದರು ಇಂದಿರಾಬಾಯಿ. “ಆಕಿಗೂ ಇದ ಅದ. ಅಡಗಿಮನಿ ಒಳಗ ಬಿಡೂದಿಲ್ಲ ನಾನು.”

“ಮತ್ತ ನೀವು?”

“ನಂದು ಬ್ಯಾರೆ ಡಾಕ್ಟರಬಾಯಿ. ನನಗ ವಯಸ್ಸಾಗ್ಯದ.”

ನನ್ನ ಮೈಯೆಲ್ಲ ಉರಿಯಿತು. ಆದರೂ ಪರೀಕ್ಷೆ ಮಾಡಿದೆ, ಸೊಸೆಗೆ ಹೇಳಿದ ವ್ಯಾಯಾಮವನ್ನೇ ಅತ್ತೆಗೂ ಹೇಳಿಕೊಟ್ಟೆ. ಒಬ್ಬ ರೋಗಿಯ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು. ನಮ್ಮ ವೃತ್ತಿಯಲ್ಲಿ ಅದು ಮೊದಲನೆಯ ನಿಯಮ. ಅದನ್ನು ನಾನೇ ಹೊಸ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಆ ವಾರವೆಲ್ಲ ಬಸ್ಸಿನಲ್ಲಿ ಕೂತು ಹಲ್ಲು ಕಡಿದೆ. ಐದು ವರ್ಷ ಒಬ್ಬಳನ್ನು ಹೊರಗೆ ಕೂರಿಸಿದ ಈ ಹೆಂಗಸಿನ ಮುಖಕ್ಕೆ ಮಂಗಳಾರತಿ ಆಗಲೇಬೇಕು ಅನ್ನಿಸಿತು. ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳದೆಯೇ ಮಾಡುವ ದಾರಿ ಹುಡುಕಿದೆ.

ಇಂದಿರಾಬಾಯಿಗೆ ಮುಂದಿನ ಸಲ ಇಂಡಿಯಲ್ಲಿ ನನಗೆ ರಜೆ, ಬುಧವಾರ ಹನ್ನೊಂದು ಗಂಟೆಗೆ ಮುದ್ದೇಬಿಹಾಳಕ್ಕೆ ಬನ್ನಿ ಎಂದು ಹೇಳಿಕಳಿಸಿದೆ. ಸುಮಿತ್ರಾಗೆ ಬಾಗೇವಾಡಿಯ ಕೋಣೆ ಬಂದ್ ಇದೆ ಎಂದು ಸುಳ್ಳು ಹೇಳಿ ಅದೇ ಬುಧವಾರ, ಅದೇ ಹನ್ನೊಂದು ಗಂಟೆ ಕೊಟ್ಟೆ. ಇಬ್ಬರೂ ಎದುರುಬದುರಾಗಲಿ, ಮುದುಕಿಯ ತಲೆ ತಗ್ಗಲಿ, ಅದನ್ನು ಪರದೆಯ ಸಂದಿನಿಂದ ನಾನೂ ನೋಡಬೇಕು. ಇಪ್ಪತ್ತೊಂದು ವರ್ಷದ ಕೆಲಸದಲ್ಲಿ ನಾನು ಬೇಕೆಂದೇ ಮಾಡಿದ ತಪ್ಪು ಅದೊಂದೇ.

ಆ ಬುಧವಾರ ಬಾಕಿನ ಮೇಲೆ ಏಳೆಂಟು ಹೆಂಗಸರಿದ್ದರು. ಇಂದಿರಾಬಾಯಿ ಹತ್ತೂವರೆಗೇ ಬಂದು ನಡುವೆ ಕೂತಿದ್ದರು, ಕೈಯಲ್ಲಿ ನಾವು ರೋಗಿಗಳಿಗೆ ಕೊಡುವ ಗುಲಾಬಿ ಬಣ್ಣದ ಕಾರ್ಡು. ಸುಮಿತ್ರಾ ಒಳಗೆ ಬಂದು ಅತ್ತೆಯನ್ನೂ ಆ ಕಾರ್ಡನ್ನೂ ನೋಡಿ ನಿಂತುಬಿಟ್ಟಳು. ಇಂದಿರಾಬಾಯಿಯ ಮುಖ ಒಂದು ಕ್ಷಣ ಬಿಳಿಚಿತು, ಅಷ್ಟೇ. ಕಾರ್ಡನ್ನು ಚೀಲದೊಳಗೆ ತೂರಿಸಿ ಗಂಟಲು ಏರಿಸಿದರು.

“ಬಂದ್ಯೇನು? ಬಾ. ಇಕೀನ್ನ ತೋರಸ್ಲಿಕ್ಕಂತನ ಬಂದೀನ್ರೀ ನಾನು. ನಮ್ಮ ಸೊಸಿ. ಕೆಮ್ಮಿದ್ರ ಸಾಕು, ಸೀರಿ ತೊಯ್ತದ. ಹ್ಯಾಂಗ ಸಂಭಾಳಿಸೀನೋ ನನಗ ಗೊತ್ತು.”

ಬಾಕಿನ ಹೆಂಗಸರು ಲೊಚಗುಟ್ಟಿದರು. ಅವರೆಲ್ಲ ಅದೇ ತೊಂದರೆಗೆ ಬಂದವರು. ಆದರೂ ಒಬ್ಬಳು ಸೆರಗನ್ನು ಮೂಗಿಗೆ ಹಿಡಿದು ಪಕ್ಕಕ್ಕೆ ಸರಿದು ಕೂತಳು. ಇನ್ನೊಬ್ಬಳು ಇಂಥ ಅತ್ತೆ ಸಿಗಲು ಪುಣ್ಯ ಬೇಕು ಎಂದಳು. ಪರದೆಯ ಹಿಂದೆ ನಿಂತು ನಾನು ಅದನ್ನೆಲ್ಲ ನೋಡಿದೆ. ಮುದುಕಿಗೆಂದು ಎತ್ತಿದ ಏಟು ಸುಮಿತ್ರಾಳ ಬೆನ್ನಿನ ಮೇಲೆ ಬಿದ್ದಿತ್ತು.

ಅವಳು ಸೀದಾ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. “ಮುದ್ದಾಮ್ ಮಾಡಿದ್ರಿ?”

ಹೌದು, ಬೇಕೆಂದೇ ಮಾಡಿದೆ ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಜಗಳ ನಂದಿತ್ತು ಮ್ಯಾಡಂ. ನೀವ್ಯಾಕ ನಡಕ ಬಂದ್ರಿ?”

ಅಷ್ಟು ಹೇಳಿ ಹೊರಟುಹೋದಳು. ಆಮೇಲಿನ ಎರಡು ಗುರುವಾರ ಬಾಗೇವಾಡಿಗೆ ಬರಲಿಲ್ಲ. ಮೂರನೆಯ ಗುರುವಾರ ಅವಳ ಫೋನು ಬಂತು. ಕದ್ದು ಚಿಕಿತ್ಸೆಗೆ ಬರುತ್ತಿದ್ದುದು ಅತ್ತೆಗೆ ತಿಳಿದು ತವರಿಗೆ ಹೋಗುವುದು ಬಂದ್ ಆಗಿತ್ತು. ಆಪರೇಷನ್ ಸಂಕ್ರಾಂತಿಯವರೆಗೂ ಕಾಯುವಂತಿರಲಿಲ್ಲ, ಶ್ರಾದ್ಧ ಕಳೆದ ನಾಲ್ಕನೆಯ ದಿನಕ್ಕೇ ನಿಗದಿಯಾಗಿತ್ತು. ಕ್ಷಮೆ ಕೇಳಲು ಹೊರಟ ನನ್ನನ್ನು ಅವಳು ತಡೆದಳು.

“ಒಂದ ಹೇಳ್ರಿ. ತುಂಬಿದ ಕೊಡ ಎತ್ತೂ ಮುಂದ ಮೊದಲ ಹಿಡೀಬೇಕೋ, ಎತ್ತಿದ ಮ್ಯಾಲೆ ಹಿಡೀಬೇಕೋ?”

“ಮೊದಲ. ಹಿಡಿದು ಆಮ್ಯಾಲೆ ಎತ್ರಿ. ಎತ್ತೂವಾಗ ಉಸಿರು ಬಿಡ್ರಿ.”

ಫೋನು ಕಟ್ಟಾಯಿತು. ನನ್ನ ಸಿಟ್ಟಿನಿಂದಾಗಿ ಅವಳ ಒಂದು ಅಂಗವೇ ಹೋಗಲಿದೆ ಎಂಬ ಯೋಚನೆ ಅನ್ನ ಸೇರಲು ಬಿಡಲಿಲ್ಲ.

ಶ್ರಾದ್ಧ ಕಳೆದು ಎಂಟು ದಿನದ ನಂತರ, ಒಂದು ಗುರುವಾರ, ಸುಮಿತ್ರಾ ಬಾಗೇವಾಡಿಯ ಕೋಣೆಗೆ ನಡೆದುಕೊಂಡು ಬಂದಳು. ಮುಖ ನೋಡಿಯೇ ಆಪರೇಷನ್ ಆಗಿಲ್ಲವೆಂದು ತಿಳಿಯಿತು. ಕೂತು, ನೀರು ಕುಡಿದು, ಸಾವಕಾಶವಾಗಿ ಹೇಳಿದಳು.

ಶ್ರಾದ್ಧದ ಬೆಳಿಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟು ಹನ್ನೆರಡು ಕೊಡ ನೀರು ಸೇದಿ ತಂದಿದ್ದಳು. ಒಂದು ಹನಿಯೂ ಸೋರಿರಲಿಲ್ಲ. ಹನ್ನೆರಡನೆಯ ಕೊಡವನ್ನು ಹೊಸ್ತಿಲ ಹೊರಗೆ ಇಡದೆ ಒಳಗೆ ಕಾಲಿಟ್ಟಳು. ಪಡಸಾಲೆಯಲ್ಲಿ ಪುರೋಹಿತರೂ ಬ್ರಾಹ್ಮಣರೂ ಬಂದು ಕೂತಿದ್ದರು. ಅತ್ತೆ ಒಲೆಯ ಮುಂದಿನಿಂದ ಎದ್ದು ಅಡ್ಡ ನಿಂತರು.

“‘ಹೊರಗ ನಡಿ, ಒಳಗ ಬರೂ ಅಧಿಕಾರ ಇಲ್ಲ ನಿನಗ’ ಅಂದ್ರು. ನಾ ಅಂದೆ, ಖರೇ ಅದ ಅತ್ಯಾ. ಹಂಗಿದ್ರ ನಡೀರಿ, ಇಬ್ರೂ ಕೂಡೇ ಹೊರಗ ಕೂಡೂಣು. ಯಾಕಂತ ಮಾವನವ್ರು ಕೇಳಿದ್ರ ನಾ ಹೇಳ್ತೀನಿ.”

ಅಷ್ಟರಲ್ಲಿ ಅಡುಗೆ ಎಲ್ಲಿಗೆ ಬಂತೆಂದು ಮಾವ ಹೊರಗಿನಿಂದ ಕೂಗಿದರಂತೆ. ಇಂದಿರಾಬಾಯಿ ಬಾಗಿಲು ಬಿಟ್ಟು ಸರಿದರು. ಸುಮಿತ್ರಾ ಮಣೆ ಎಳೆದುಕೊಂಡು ಒಲೆಯ ಮುಂದೆ ಕೂತಳು. ಎಳ್ಳು ಹುರಿದಳು, ವಡೆ ಕರಿದಳು, ಪಾಯಸಕ್ಕಿಟ್ಟಳು. ನಡುವೆ ಹೊಗೆ ಎದ್ದು ಅತ್ತೆಗೆ ಕೆಮ್ಮು ಬಂತು.

“ನಾ ಬಾಯಿ ಬಿಡಲಿಲ್ಲ ಮ್ಯಾಡಂ. ಅವರ ಸೀರಿ ಕಡೆ ನೋಡಿದೆ, ಅಷ್ಟ. ಅವ್ರೇ ಎದ್ದು ಹಿತ್ತಲಕ್ಕ ಹೋಗಿ ಕೂತ್ರು.”

ಎಲೆ ಎತ್ತಿದ ಮೇಲೆ ಅತ್ತೆಯ ಹತ್ತಿರ ಹೋಗಿ ಇನ್ನೊಂದು ಮಾತು ಹೇಳಿದಳಂತೆ: ಆಪರೇಷನ್ ಮಾಡಿಸುವುದೇ ಆದರೆ ಇಬ್ಬರೂ ಒಂದೇ ದಿನ ಹೋಗೋಣ, ಬೇನೆ ಒಂದೇ ಅಲ್ಲವೇ. ಅಂದು ಸಂಜೆ ಇಂದಿರಾಬಾಯಿ ತಾವೇ ಮಗನನ್ನು ಕರೆದು ಆಪರೇಷನ್ ಬೇಡವೆಂದರು. ಕಾರಣ ಕೇಳಿದ ಮಗನಿಗೆ ಬೈದರಂತೆ.

ಅವಳನ್ನು ಪರೀಕ್ಷೆ ಮಾಡಿದೆ. ಬಲ ಐದಕ್ಕೆ ನಾಲ್ಕು ಇತ್ತು. ಮುದ್ದೇಬಿಹಾಳದ ತಪ್ಪಿಗೆ ಮಾಫಿ ಮಾಡಬೇಕೆಂದು ಕೇಳಿದೆ. ಮಾಡಿದೆ ಎಂದು ಅವಳು ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಕಾರ್ಡು ಮಡಚಿಕೊಳ್ಳುತ್ತ ಎದ್ದಳು.

“ಸೋಮವಾರ ಅತ್ತಿಯವ್ರು ಇಂಡಿಗೆ ಬರ್ತಾರ, ನಾನ ಕಳಸ್ತೀನಿ. ಚೊಲೋತ್ನಾಗಿ ಗುಣಾ ಮಾಡ್ರಿ ಅವರನ್ನ. ಇನ್ನೂ ಇಪ್ಪತ್ತು ವರ್ಷ ಅವ್ರು ನನ್ನ ಕೈಯಾಗಿಂದ ಉಣಬೇಕು.”

ಸೋಮವಾರ ಇಂದಿರಾಬಾಯಿ ಬಂದರು. ಕುರ್ಚಿ ಒರೆಸಿಕೊಳ್ಳದೆ ಕೂತರು. ಅವರನ್ನು ಬಾಕಿನ ಮೇಲೆ ಮಧ್ಯಾಹ್ನದವರೆಗೆ ಕಾಯಿಸುವ ಆಸೆ ನನಗೆ ಬಹಳ ಇತ್ತು. ಕಾಯಿಸಲಿಲ್ಲ. ಕ್ಷಮಿಸಿದ್ದೆ ಎಂದಲ್ಲ, ಆ ಹೆಂಗಸನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ. ಆದರೆ ಸೇಡು ಯಾರದ್ದೋ ಅವರೇ ತೀರಿಸಿಕೊಳ್ಳಬೇಕು, ಅದಕ್ಕೆ ಬೇಕಾದ ಬಲ ಬರಿಸಿಕೊಡುವುದಷ್ಟೇ ನಮ್ಮ ಕೆಲಸ ಎಂಬುದನ್ನು ಈ ವೃತ್ತಿ ನನಗೆ ಮುದ್ದೇಬಿಹಾಳದಲ್ಲಿ ಕಪಾಳಕ್ಕೆ ಹೊಡೆದು ಕಲಿಸಿತ್ತು. ಐದು ತಿಂಗಳಲ್ಲಿ ಇಂದಿರಾಬಾಯಿಯ ಸೋರಿಕೆ ಹಿಡಿತಕ್ಕೆ ಬಂತು. ಉಳಿದ ಲೆಕ್ಕವನ್ನು ಸೊಸೆ ದಿನಕ್ಕೆರಡು ಹೊತ್ತು ಅವರ ತಟ್ಟೆಗೆ ಬಡಿಸುತ್ತಿದ್ದಾಳೆ.