ಕಂಬದ ಕರೆಂಟು, ನಮ್ಮೂರ ಕರೆಂಟು

ಕೆ.ಆರ್. ಪೇಟೆ ಕಡೆಯ ನಮ್ಮೂರಿನ ಹೆಂಗಸರ ಹಾಲಿನ ಡೇರಿಗೆ ನಾನೇ ಕಾರ್ಯದರ್ಶಿ. ನನ್ನ ಬಾಯಿ ಸ್ವಲ್ಪ ಜೋರು. ಆ ಬಾಯಿಂದಲೇ ಡೇರಿಯ ಮೇಲೂ ಸುತ್ತಲಿನ ಮನೆಗಳ ತಾರಸಿಗಳ ಮೇಲೂ ಸೋಲಾರ್ ಪ್ಲೇಟು ಹಾಕಿಸಿದ್ದು. ಎಲ್ಲ ಪ್ಲೇಟುಗಳ ಕರೆಂಟೂ ಡೇರಿಯ ಹಿಂದಿನ ಕೋಣೆಯ ಬ್ಯಾಟರಿಗಳಿಗೆ ಬಂದು, ಅಲ್ಲಿಂದ ಹಾಲು ತಣ್ಣಗಿಡುವ ಟ್ಯಾಂಕಿಗೂ ಮನೆಗಳಿಗೂ ಹೋಗುತ್ತದೆ. ಕಂಬದ ಕರೆಂಟು ಹೋದರೂ ಒಂದು ತೊಟ್ಟು ಹಾಲು ಒಡೆಯಲು ಬಿಡುವುದಿಲ್ಲ ಎಂದು ಸಭೆಯಲ್ಲಿ ಎದೆ ತಟ್ಟಿಕೊಂಡು ಹೇಳಿದ್ದೆ.

ತಾರಸಿ ಕೊಡುವುದಿಲ್ಲವೆಂದು ಕೊನೆಯವರೆಗೂ ಹಟ ಹಿಡಿದವರು ನಮ್ಮ ಅತ್ತೆಯೇ. ಹಪ್ಪಳ ಒಣಗಿಸುವ ಬಿಸಿಲನ್ನೆಲ್ಲ ಆ ಗಾಜು ಕುಡಿದುಬಿಡುತ್ತದೆ ಎಂದು ಎಷ್ಟೋ ದಿನ ಮುಖ ಊದಿಸಿಕೊಂಡಿದ್ದರು. ಕೊನೆಗೂ ಒಪ್ಪಿ ಹಾಕಿಸಿಕೊಂಡ ಮೇಲೆ ಅದೇ ಕರೆಂಟಿನಲ್ಲಿ ಒಂದು ದಿನವೂ ತಪ್ಪದೆ ಧಾರಾವಾಹಿ ನೋಡತೊಡಗಿದರು. ನಾನೂ ಚುಚ್ಚದೆ ಬಿಡಲಿಲ್ಲ.

ಕಳೆದ ಬೇಸಿಗೆಯ ಒಂದು ಸಂಜೆ ಬಿರುಗಾಳಿ ಮಳೆಗೆ ಕಂಬಗಳು ಉರುಳಿದವು. ರಸ್ತೆಗೆ ಮರ ಬಿದ್ದು, ಹಾಲಿನ ಲಾರಿ ಇನ್ನು ಬೆಳಿಗ್ಗೆಯೇ ಎಂದಾಯಿತು. ಊರಿನ ಅಷ್ಟೂ ಹಾಲು ಟ್ಯಾಂಕಿನಲ್ಲಿತ್ತು. ದಿನವೆಲ್ಲ ಮೋಡವಿದ್ದುದರಿಂದ ಬ್ಯಾಟರಿ ಅರ್ಧವೂ ತುಂಬಿರಲಿಲ್ಲ. ಮನೆಮನೆಯಲ್ಲೂ ಟಿವಿ, ಫ್ಯಾನು ಓಡುತ್ತಿದ್ದವು. ಹೀಗೇ ಆದರೆ ಟ್ಯಾಂಕು ಬೆಳಗಿನವರೆಗೆ ನಡೆಯುವುದಿಲ್ಲ. ಹಾಲೂ ಹೋಯಿತು, ನನ್ನ ಮಾತೂ ಹೋಯಿತು. ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಲು ಶುರುಮಾಡಿದೆ.

ಅತ್ತೆ ಒಳಗಿನಿಂದ ಬಂದರು. “ಬಾಯ್ ಮಾಡ್ಬ್ಯಾಡ ಕಣವ್ವ. ಮೊದ್ಲು ನಮ್ಮನೇದು ಆರ್ಸು, ಆಮೇಲೆ ಊರ್ಗೆ ಏಳೀವಂತೆ.”

ಧಾರಾವಾಹಿ ಅರ್ಧದಲ್ಲಿತ್ತು. ಟಿವಿಯನ್ನು ಅವರೇ ಆರಿಸಿದರು. ದೇವರ ಮುಂದಿನ ದೀಪವೊಂದನ್ನು ಬಿಟ್ಟು ಮನೆಯೆಲ್ಲ ಕತ್ತಲಾಯಿತು. ಸೆರಗನ್ನು ತಲೆಗೆ ಹೊದ್ದು, ಹನಿಯುವ ಮಳೆಯಲ್ಲೇ ಮನೆಮನೆಗೂ ಹೋದರು. ಅವರಿಗೆ ಎದುರಾಡುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗಿದೆ? ಒಂದೊಂದೇ ಮನೆಯ ಲೈಟು ಆರಿತು. ಡೇರಿಯ ಟ್ಯಾಂಕಿನ ಸದ್ದು ಮಾತ್ರ ನಿಲ್ಲಲಿಲ್ಲ.

ಬೆಳಿಗ್ಗೆ ಲಾರಿಯವನು ಹಾಲು ಪರೀಕ್ಷೆ ಮಾಡಿ, ಏನೂ ಆಗಿಲ್ಲ ಎಂದು ಹೇಳಿ ತುಂಬಿಕೊಂಡು ಹೋದ. ಎಲ್ಲರೆದುರಿಗೇ ಅತ್ತೆಯನ್ನು ತಬ್ಬಿಕೊಂಡೆ. ಇಂಥ ಊರಿಗೆ, ಇಂಥವರಿಗೆ ಸೊಸೆಯಾಗಿ ಬಂದೆನಲ್ಲ ಎಂದು ಹೆಮ್ಮೆಯಿಂದ ಕಣ್ಣು ತುಂಬಿತು. ಅವರು ಮೈ ಕೊಸರಿಕೊಂಡು, ದನಕ್ಕೆ ಹುಲ್ಲು ಹಾಕು ಹೋಗು ಎಂದು ಗದರಿದರು.

ಕಂಬ ನಿಲ್ಲಿಸಿ ಲೈನು ಎಳೆಯುವುದಕ್ಕೆ ವಾರವೇ ಹಿಡಿಯಿತು. ಕಂಬದ ಕರೆಂಟು ಬಂದ ದಿನ ಪಕ್ಕದ ಮನೆಯಾಕೆ ಸುದ್ದಿ ಹೇಳಲು ಓಡಿ ಬಂದಳು. ಅತ್ತೆ ತಾರಸಿಯ ಮೇಲೆ, ಪ್ಲೇಟುಗಳ ಪಕ್ಕದಲ್ಲೇ ಹಪ್ಪಳ ಹರಡುತ್ತಿದ್ದರು. ತಲೆಯೆತ್ತಿಯೂ ನೋಡಲಿಲ್ಲ.

“ಬಂದ್ರೆ ಬರ್ಲಿ ಬುಡವ್ವ. ನಮ್ಗೇನು ಓಗಿತ್ತಾ?”