ಹಿಂದಿನ ಬೆಂಚಿನ ಮಾಸ್ತರರು

ಮೊನ್ನೆ ಟ್ರಂಕು ಸ್ವಚ್ಛ ಮಾಡುತ್ತಿದ್ದ ಹೆಂಡತಿ ನನ್ನ ಹಳೆಯ ಕರಿ ಕೋಟನ್ನು ಹೊರಗೆಳೆದು, "ಇದರ ಎಡಗಡೆ ತೋಳಷ್ಟೇ ಯಾಕ್ರಿ ಬೆಳ್ಳಗ ಆಗೇತಿ?" ಎಂದಳು. ಸೀಮೆಸುಣ್ಣದ ಪುಡಿ ಎಂದೆ. ಬಲಗೈಯಲ್ಲಿ ಬರೆಯುವ ಮಾಸ್ತರನಿಗೆ ಎಡತೋಳಿಗೆ ಪುಡಿ ಹತ್ತಿದ್ದು ಹೇಗೆಂದು ಅವಳು ಕೇಳಲಿಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ, ನಾಚಿಕೊಳ್ಳುವ ವಯಸ್ಸು ದಾಟಿದೆ.

ಎಪ್ಪತ್ತರ ದಶಕದಲ್ಲಿ ನಾನು ರಾಮದುರ್ಗ ತಾಲೂಕಿನಲ್ಲಿ, ತೊರಗಲ್ ಕೋಟೆಯಿಂದ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಾವು ಏಳು ಜನ ಮಾಸ್ತರರು. ಏಳು ಜನಕ್ಕೆ ಚಹಾ ಮಾತ್ರ ಎರಡು ಹೋಟೆಲಿನಿಂದ ಬರುತ್ತಿತ್ತು. ಊಟದ ನಂತರದ ತೂಕಡಿಕೆಯ ತಾಸು ಯಾರ ಪಾಲಿಗೆ ಎಂದು ಜಗಳಾಡಿ ನಾನೂ ಹಿಂದಿ ಮಾಸ್ತರರೂ ಎರಡು ವರ್ಷ ಮಾತು ಬಿಟ್ಟಿದ್ದೆವು. ಉಳಿದವರು ಅನುಕೂಲ ನೋಡಿ ಪಕ್ಷ ಹಿಡಿದಿದ್ದರು. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಇಣುಕುವುದಂತೂ ದೂರದ ಮಾತು. ದೇವರ ಕೋಣೆಗೂ ಅಷ್ಟು ಮಡಿ ಇರಲಿಕ್ಕಿಲ್ಲ.

ಹತ್ತನೆಯ ತರಗತಿಯವರು ವರ್ಷವರ್ಷವೂ ಗಣಿತದಲ್ಲಿ ಡುಮ್ಕಿ ಹೊಡೆಯುತ್ತಿದ್ದರು. ಈ ಸಲವೂ ಹೀಗೇ ಆದರೆ ಆ ತರಗತಿಯನ್ನೇ ಮುಚ್ಚಿಸುವುದಾಗಿ ತಪಾಸಣೆಗೆ ಬಂದ ಸಾಹೇಬರು ಹೇಳಿಹೋದರು. ಮುಚ್ಚಿದರೆ ಗಂಡುಹುಡುಗರು ಹೇಗೋ ರಾಮದುರ್ಗಕ್ಕೆ ಹೋದಾರು, ಹುಡುಗಿಯರು ಮನೆಯಲ್ಲಿ ಉಳಿಯುವುದು ಖಂಡಿತ. ಅದು ನನಗೂ ಗೊತ್ತಿತ್ತು. ಆದರೂ ಊರೇ ದಡ್ಡರದು ಎಂದು ಮೂಗು ಮುರಿಯುತ್ತ ಓಡಾಡುತ್ತಿದ್ದೆ.

ಆಗಲೇ ಸವದತ್ತಿ ಕಡೆಯಿಂದ ಹೊಸ ಹೆಡ್ ಮಾಸ್ತರರು ಬಂದರು. ಗಿಡ್ಡ ಆಳು, ಮೆತ್ತಗಿನ ದನಿ. ಮೊದಲ ಸಭೆಯಲ್ಲಿ ಬೈಗುಳ ಖಚಿತವೆಂದು ನಾವೆಲ್ಲ ಎದುರುತ್ತರ ಸಿದ್ಧಮಾಡಿಕೊಂಡು ಹೋಗಿದ್ದೆವು. ಅವರು ಅಂದದ್ದು ಇಷ್ಟೇ: "ಶನಿವಾರ ಸಾಲಿ ಬಿಟ್ಟ ಮ್ಯಾಲೆ ಹತ್ತನೇದವರಿಗೆ ನಾ ಇತಿಹಾಸ ಹೇಳತೇನಿ. ನೀವೆಲ್ಲಾರೂ ಬಂದು ಹಿಂದಿನ ಬೆಂಚಿನ ಮ್ಯಾಲೆ ಕೂಡ್ರಿ. ನಾ ಎಲ್ಲಿ ತಪ್ಪತೇನಿ, ಹೇಳ್ರಿ."

ಹೋಗಿ ಕೂತೆವು. ಪಾಠ ಮುಗಿದು ಹುಡುಗರು ಹೋದರು. ಡ್ರಿಲ್ ಮಾಸ್ತರರು, "ತಪ್ಪು ತಿಳೀಬ್ಯಾಡ್ರಿ ಸರ್, ಹುಡುಗ್ಯಾರ ಸಾಲಿನ ಕಡೆ ನೀವು ಒಮ್ಮಿನೂ ಹೊಳ್ಳಿ ನೋಡಲಿಲ್ಲ" ಎಂದರು. ಹೆಡ್ ಮಾಸ್ತರರ ಮುಖ ಕೆಂಪಾಯಿತು. "ಖರೇ ಐತಿ" ಎಂದರು. ಮುಂದಿನ ವಾರ ಹುಡುಗಿಯರ ಸಾಲಿನ ಎದುರಿಗೇ ನಿಂತು ಪಾಠ ಮಾಡಿದರು. ಆಮೇಲೆ ಪ್ರತಿ ಶನಿವಾರ ಒಬ್ಬೊಬ್ಬರ ಪಾಳಿ.

ನನ್ನ ಪಾಳಿ ಬಂದಾಗಲೆಲ್ಲ ನನಗೆ ಜ್ವರ ಬರುತ್ತಿತ್ತು. ಮೂರು ಜ್ವರಗಳಾದ ಮೇಲೆ ನೆಪ ತೀರಿ, ಬೋರ್ಡಿನ ಮುಂದೆ ನಿಂತು ವೃತ್ತದ ಪ್ರಮೇಯವನ್ನು ಭರ್ಜರಿಯಾಗಿ ಬಿಡಿಸಿದೆ. ಮುಗಿದ ಮೇಲೆ ಹಿಂದಿ ಮಾಸ್ತರರು ಎದ್ದು ನಿಂತು ಎರಡು ವರ್ಷಗಳಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದರು. "ನೀವು ಬಲಗೈಲೆ ಬರೀತೀರಿ, ಎಡಗೈಲೆ ಒರಸಿಕೋತ ಹೋಗತೀರಿ. ನಡುವ ನಿಮ್ಮ ಮೈ ಅಡ್ಡ. ಪ್ರಮೇಯದ ಮೂರನೇ ಸಾಲಿನಿಂದ ಮುಂದಿಂದು ನನಗ ಬರಕೊಳ್ಳಾಕ ಆಗಲಿಲ್ಲ. ಹುಡುಗ್ರು ಹೆಂಗ ಬರಕೊಂಡಾರು?"

ಸಿಟ್ಟು ನೆತ್ತಿಗೇರಿತು. ಸೋಮವಾರ ಹೋದವನೇ ಒಬ್ಬ ಹುಡುಗಿಯ ನೋಟುಬುಕ್ಕು ತೆರೆದೆ. ಅಂದವಾದ ಅಕ್ಷರ. ವರ್ಷದ ಪ್ರಮೇಯಗಳೆಲ್ಲ ಎರಡು ಸಾಲಿಗೇ ನಿಂತಿದ್ದವು. ನನ್ನ ಹೆದರಿಕೆಗೆ ಆ ಮಕ್ಕಳು ಒಂದು ಮಾತೂ ಹೇಳಿರಲಿಲ್ಲ. ಅಳು ಬಂತು, ನಿಜವಾಗಿಯೂ ಬಂತು.

ಹೆಡ್ ಮಾಸ್ತರರ ಮುಂದೆ ಹೋಗಿ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಇನ್ನ ಒರಸೂದು ಹಿಂದಿ ಮಾಸ್ತರ ಕೆಲಸ. ನೀವು ಬರೀರಿ" ಎಂದರು. ತಮ್ಮ ಬಿಡುವಿನ ತಾಸಿನಲ್ಲಿ ಹಿಂದಿ ಮಾಸ್ತರರು ಡಸ್ಟರ್ ಹಿಡಿದು ನಿಂತು, ಕೊನೆಯ ಬೆಂಚಿನವರು ತಲೆ ಎತ್ತಿದ ಮೇಲೆಯೇ ಒರಸುತ್ತಿದ್ದರು. ಡ್ರಿಲ್ ಮಾಸ್ತರರು ಮೂರು, ನಾಲ್ಕು, ಐದು ಮೊಳಕ್ಕೆ ಗಂಟು ಹಾಕಿದ ಹಗ್ಗದಿಂದ ಖೋ-ಖೋ ಅಂಗಳದ ಮೂಲೆ ಚಚ್ಚೌಕ ಬರುವಂತೆ ಗುರುತು ಹಾಕುತ್ತಿದ್ದುದನ್ನು ಆಗ ಗಮನಿಸಿದೆ. ನಾನು ಬಾಯಿ ನೋಯುವಷ್ಟು ಹೇಳಿದ್ದ ಲಂಬಕೋನ ಅವರ ಕೈಯಲ್ಲಿತ್ತು! ಮರುದಿನವೇ ತರಗತಿಯನ್ನು ಅಂಗಳಕ್ಕೆ ಒಯ್ದೆ. ಉಳಿದ ಮಾಸ್ತರರು ಸಂಜೆ ಇಬ್ಬರು ಮೂವರು ಮಕ್ಕಳನ್ನು ಹಂಚಿಕೊಂಡು ಲೆಕ್ಕ ಮಾಡಿಸಲು ಕೂತರು. ತಮಗೆ ಬಾರದ್ದನ್ನು ಸಂಕೋಚವಿಲ್ಲದೆ ನನ್ನ ಹತ್ತಿರ ಬಂದು ಕೇಳಿದರು. ಚಹಾ ಯಾವಾಗ ಒಂದೇ ಕಿಟ್ಲಿಯಲ್ಲಿ ಬರತೊಡಗಿತೋ ಯಾರಿಗೂ ನೆನಪಿಲ್ಲ.

ಆ ವರ್ಷ ಗಣಿತದಲ್ಲಿ ಒಬ್ಬರೂ ನಪಾಸಾಗಲಿಲ್ಲ. ಫಲಿತಾಂಶದ ಹಾಳೆಯನ್ನು ಡ್ರಿಲ್ ಮಾಸ್ತರರು ಅಂಗಳದಲ್ಲಿ ನಿಂತು ಕವಾಯತಿನ ದನಿಯಲ್ಲಿ ಓದಿದರು. ಹತ್ತನೆಯ ತರಗತಿ ಉಳಿಯಿತು. ಅದೇ ಸಾಹೇಬರು ಮತ್ತೆ ಬಂದು, "ಗಣಿತ ಯಾರು ಕಲಿಸ್ತಾರ?" ಎಂದು ಕೇಳಿದಾಗ ನಾನು ಕೋಟಿನ ಗುಂಡಿ ಹಾಕಿಕೊಂಡು ಅರ್ಧ ಎದ್ದಿದ್ದೆ.

"ಏಳು ಮಂದಿ ಕಲಿಸ್ತಾರ್ರಿ" ಎಂದರು ಹೆಡ್ ಮಾಸ್ತರರು.

ಒಂದು ಕ್ಷಣ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿದ್ದ ಹಿಂದಿ ಮಾಸ್ತರರ ಮುಖ ನೋಡಿದೆ. ಪೂರ್ತಿ ಎದ್ದು ನಿಂತು, "ಲೆಕ್ಕ ತಪ್ಪೇತ್ರಿ ಸರ್. ನಿಮ್ಮನ್ನ ಬಿಟ್ಟೀರಿ. ಎಂಟು" ಎಂದೆ. ಹಿಂದಿ ಮಾಸ್ತರರು ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. ಅಂಥ ಚಪ್ಪಾಳೆಯನ್ನು ನಾನು ಮತ್ತೆ ಕೇಳಿಲ್ಲ.

ಇಷ್ಟನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳು ಕನ್ನಡಕ ತೆಗೆದು, "ಮತ್ತ ಇಷ್ಟ ವರ್ಷ ಆ ಸಾಲಿ ನೀವೊಬ್ಬರೇ ಉಳಿಸಿದಂಗ ಹೇಳಕೋತ ಬಂದೀರಲ್ಲ?" ಎಂದಳು.

ಹೌದು. ವಯಸ್ಸಾದಂತೆ ಎಂಟು ಇಳಿಯುತ್ತ ಇಳಿಯುತ್ತ ನಮ್ಮ ಮನೆಯಲ್ಲಿ ಒಂದಕ್ಕೆ ಬಂದು ನಿಂತಿತ್ತು. ಆಕೆಯ ಎದುರಿಗೇ ಲೆಕ್ಕ ತಿದ್ದಿದೆ. ಎಂಟೂ ಜನರ ಬಗ್ಗೆ ಒಬ್ಬೊಬ್ಬರಾಗಿ ಹೇಳಿದೆ, ನನ್ನದನ್ನು ಕೊನೆಗಿಟ್ಟುಕೊಂಡು. ಹೇಳಿ ಮುಗಿಸುವಾಗ ನನಗೆ ಆ ಗೆಲುವು ಮೊದಲಿಗಿಂತ ಎಂಟು ಪಟ್ಟು ದೊಡ್ಡದಾಗಿತ್ತು.